ಮಡಚದ ಗಾಡಿ

ಸವಣೂರು
ರವಿವಾರ, ತಾ. ೨೭-೧೨-೧೯೮೭

ತೀರ್ಥಸ್ವರೂಪ ನರಸಿಂಹಣ್ಣನಿಗೆ ವಾದಿರಾಜನ ನಮಸ್ಕಾರಗಳು.

(ತೀರ್ಥರೂಪವೋ ತೀರ್ಥಸ್ವರೂಪವೋ ಎಂಬ ಡೌಟ್ ನನಗಿನ್ನೂ ಹೋಗಿಲ್ಲ. ಐದನೇ ಇಯತ್ತೆಯಿಂದ ಹಾಸ್ಟೆಲಿನಲ್ಲಿ ಅಣ್ಣನಿಗೆ ಡಿಯರ್ ಬ್ರದರ್, ಸೋದರತ್ತೆಗೆ ಡಿಯರ್ ಆಂಟ್ ಎಂದೇ ಬರೆಸಿದರು. ತಪ್ಪಿದ್ದರೆ ಆತ್ಯಾಗೆ ತಿಳಿಸಬೇಡ.)

ಜೋರ್ಹಾಟಿನಲ್ಲಿ ಈಗ ಮಧ್ಯಾಹ್ನದವರೆಗೂ ಮಂಜು ಇರುತ್ತದಂತೆ. ನಿನ್ನ ಪ್ರಕೃತಿ ಹೇಗಿದೆ? ಕಿವಿಗೆ ಮಫ್ಲರ್ ಕಟ್ಟಿಕೊಳ್ಳುತ್ತೀಯೋ, ಇಲ್ಲ ಏರ್‌ಫೋರ್ಸಿನವರು ಕಟ್ಟಬಾರದೆಂಬ ರೂಲ್ ಇದೆಯೋ? ಇಲ್ಲಿ ಎಲ್ಲರೂ ಆರಾಮ. ನೀನು ರಜೆ ಮುಗಿಸಿ ಹೋಗುವಾಗ ಬೋರಲು ಬೀಳುತ್ತಿದ್ದ ನಿನ್ನ ಮಗಳು ವಸುಧಾ ಈಗ ಗೋಡೆ ಹಿಡಿದು ನಡೆಯುತ್ತಾಳೆ. ಮನೆಗೆ ಯಾರು ಬಂದರೂ ಅವರ ಒಂದು ಚಪ್ಪಲಿ ಎಳೆದುಕೊಂಡು ಹೋಗಿ ತುಳಸಿಕಟ್ಟೆಯ ಹಿಂದೆ ಇಡುತ್ತಾಳೆ. ಒಂದನ್ನೇ ಇಡುತ್ತಾಳೆ, ಬಂದವರು ಹೋಗಬಾರದೆಂದು ಇರಬೇಕು. ರಜೆಗೆ ಬಂದಿದ್ದ ನಿನ್ನ ಏರ್‌ಫೋರ್ಸಿನ ಜೊತೆಗಾರ, ಹತ್ತಿಮತ್ತೂರಿನ ಗುಡ್ಡಪ್ಪನ ಕೈಯಲ್ಲಿ ಗೋಪಿಕಾ ಆತ್ಯಾ ಕಳಿಸಿದ ಖಾರದ ಪೊಟ್ಟಣ ಮುಟ್ಟಿತೆಂದು ತಿಳಿದಿದ್ದೇನೆ. ಮುಟ್ಟಿರಲೇಬೇಕು. ಅವಳು ಕಳಿಸದ ಮಾತೂ ಅದರ ಜೊತೆ ಮುಟ್ಟಿದೆಯಲ್ಲ.

ನಿನ್ನ ಪತ್ರ ಧಾರವಾಡದ ಹಾಸ್ಟೆಲಿಗೆ ಬಂದ ದಿನ ನನಗೆ ಫಿಜಿಕ್ಸ್ ಟೆಸ್ಟ್ ಇತ್ತು. ವಿಮಲಾ ಗಾಡಿ ಗೊತ್ತುಮಾಡಿಕೊಂಡು ಕೂಸಿನೊಂದಿಗೆ ಓಡಿಹೋಗುವ ತಯಾರಿಯಲ್ಲಿದ್ದಾಳೆ, ಗುಡ್ಡಪ್ಪ ಆತ್ಯಾಳ ಬಾಯಿಂದಲೇ ಕೇಳಿ ಬಂದಿದ್ದಾನೆ, ನೀನು ಊರಿಗೆ ಹೋಗಿ ಕಣ್ಣಿಟ್ಟು ನೋಡಿ ಬರೆ, ಅಲ್ಲಿಯವರೆಗೆ ನಾನು ಅವಳಿಗೆ ಬರೆಯುವುದಿಲ್ಲ, ಖರೆ ಇದ್ದರೆ ಅವಳನ್ನು ತವರಿಗೆ ಕಳಿಸಿ ಕೂಸನ್ನು ಮಾತ್ರ ನಮ್ಮಲ್ಲಿ ಇಟ್ಟುಕೊಳ್ಳತಕ್ಕದ್ದು ಎಂದು ನೀನು ಬರೆದಿದ್ದೆ. ಕ್ವೆಶ್ಚನ್ ಪೇಪರಿನಲ್ಲಿ ವೇಗ ಎಂದು ಕಂಡ ಕೂಡಲೇ ನನಗೆ ವಿಮಲಾ ವೈನಿ ಕಂಡರು. ಪಾಸಾಗುವ ಭರವಸೆ ಇಲ್ಲ. ಆದರೆ ಅದಕ್ಕೆ ನೀನು ಕಾರಣ ಎಂದು ನಾನು ಅನ್ನುತ್ತಿಲ್ಲ.

ಸೂಟಿ ಬಿಟ್ಟ ಕೂಡಲೇ ಬಂದೆ. ಬಂದವನು ಮೊದಲು ಆತ್ಯಾಳನ್ನು ನೀರಿನ ಮನೆಯ ಹತ್ತಿರ ಒಬ್ಬಳೇ ಸಿಕ್ಕಾಗ ಕೇಳಿದೆ, ವೈನಿ ಏನೋ ಗಾಡಿ ಗೊತ್ತುಮಾಡಿದ್ದಾರಂತಲ್ಲ ಎಂದು. ಆತ್ಯಾ ತಂಬಿಗೆ ತಿಕ್ಕುತ್ತ, "ಹೂಂ, ಆ ಸೈಕಲ್ ಅಂಗಡಿ ಕರೀಮಸಾಬನ ಕಡೆ ಗೊತ್ತಾಗ್ಯದ. ದಿನಾ ಹೋಗಿ ನೋಡಿ ಬರ್ತಾಳ," ಎಂದಳು. ಅಷ್ಟು ತಣ್ಣಗೆ ಹೇಳಿದ್ದು ಕೇಳಿ ನನಗೆ ಆತ್ಯಾಳ ಮೇಲೆಯೇ ಸಂಶಯ ಬಂತು. ಅವಳೂ ಇದರೊಳಗೆ ಇದ್ದಾಳೇನು? ಕರೀಮಸಾಬರ ಮೇಲಂತೂ ಬಂದೇ ಬಂತು. ನನ್ನ ಸೈಕಲ್ಲಿನ ಚೈನ್ ಹಾಕುವಾಗ ನಗುತ್ತಿದ್ದ ಮನುಷ್ಯ, ಈ ಸಲ ನನ್ನನ್ನು ನೋಡಿ ಒಂದು ಗೋಣಿತಾಟನ್ನು ಯಾವುದೋ ವಸ್ತುವಿನ ಮೇಲೆ ಎಳೆದು ಮುಚ್ಚಿದರು. "ಏನ್ರಿ ಅದು?" ಎಂದೆ. "ನಿಮ್ಮ ಮನಿ ಬಾಯಾರು ಯಾರಿಗೂ ತೋರ್ಸಬ್ಯಾಡ ಅಂದಾರ್ರಿ. ಪೂರಾ ಆದಮ್ಯಾಲ ನೋಡ್ರಿ," ಎಂದರು. ಅಣ್ಣಾ, ಇದಕ್ಕಿಂತ ಎವಿಡೆನ್ಸ್ ಏನು ಬೇಕು ಎಂದು ಆ ದಿನ ನಿನಗೆ ಬರೆಯಲು ಕುಳಿತಿದ್ದೆ. ಪೆನ್ನಿನಲ್ಲಿ ಇಂಕು ಇರಲಿಲ್ಲ. ದೇವರು ದೊಡ್ಡವನು.

ಮರುದಿನ ಮುಂಜಾನೆ ವೈನಿ ಕ್ಯಾನ್ವಾಸ್ ಬೂಟು ಹಾಕಿ, ಸೀರೆಯನ್ನು ಕಚ್ಚೆಯಂತೆ ಬಿಗಿದು, ಶಿಗ್ಗಾಂವಿ ರಸ್ತೆಗೆ ಹೊರಟರು. ನಾನು ಸೈಕಲ್ಲಿನ ಮೇಲೆ ಸಾಕಷ್ಟು ಹಿಂದೆ ಉಳಿದು ಹೋದೆ. ಎಲೆಬಳ್ಳಿಯ ತೋಟದ ಬದಿಗೆ ಓಡಿದರು. ಬಸ್ ನಿಲ್ಲುವ ಮರದ ಹತ್ತಿರ ನಿಂತು ಕೈಗಡಿಯಾರ ನೋಡಿದರು, ರಸ್ತೆಯ ಆ ಕಡೆ ನೋಡಿದರು, ಮತ್ತೆ ಗಡಿಯಾರ. ಯಾರಿಗೋ ಕಾಯುತ್ತಿದ್ದಾರೆ ಎಂದು ನಾನು ಸೈಕಲ್ ಇಳಿದು ಬದಿಗೆ ನಿಂತೆ. ಬಸ್ಸು ಬಂತು. ಹೋಯಿತು. ಯಾರೂ ಇಳಿಯಲಿಲ್ಲ, ಇವರು ಹತ್ತಲಿಲ್ಲ, ತಿರುಗಿ ನೇರ ನನ್ನ ಕಡೆಗೇ ಓಡಿ ಬಂದು, "ಏ ವಾದಿ, ಹಿಂದ ಹಿಂದ ಬರೂದಕ್ಕಿಂತ ಮುಂದ ಹೋಗಿ ನಾಯಿ ಓಡಸಬಾರದೇನು?" ಎಂದರು. ನಿನ್ನೆಗಿಂತ ಬೇಗ ಮುಟ್ಟಿದರೋ ತಡವಾಗಿ ಮುಟ್ಟಿದರೋ ಎಂದು ಗಡಿಯಾರ ನೋಡುತ್ತಾರಂತೆ. ನಾನು ನಾಯಿ ಓಡಿಸಿದೆ. ಸಂಶಯ ಮಾತ್ರ ಓಡಲಿಲ್ಲ.

ಮನೆಗೆ ಬಂದರೆ ವಸುಧಾ ತೊಟ್ಟಿಲಿನಲ್ಲಿ ಎದ್ದು ಕುಳಿತು ರಂಪ ಮಾಡುತ್ತಿದ್ದಳು. ಆತ್ಯಾ ಮಡಿಯಲ್ಲಿ ದೂರ ನಿಂತು, ಒಣಗಲು ಹಾಕುವ ಕೋಲಿನಿಂದ ತೊಟ್ಟಿಲನ್ನು ನೂಕುತ್ತಿದ್ದಳು. ಮೊದಲು ಕೆಲಸದ ಯಂಕವ್ವ ಎತ್ತಿಕೊಳ್ಳುತ್ತಿದ್ದಳು. ಅವಳು ಮಗಳ ಬಾಣಂತನಕ್ಕೆ ಮಾಸೂರಿಗೆ ಹೋಗಿದ್ದಾಳೆ. ಆತ್ಯಾ ಹೇಳುವುದು, "ಅರಿವಿ ಕಳದು ಬರೇ ಮೈಲೆ ಕೊಡು, ಎತಗೋತೇನಿ. ಅರಿವಿ ಇದ್ರ ಮಡಿ ಹೋಗ್ತದ." ವೈನಿ ಹಾಗೆ ಕೊಟ್ಟೂ ನೋಡಿದರಂತೆ. ಈ ಥಂಡಿಯಲ್ಲಿ ಕೂಸಿಗೆ ಕೆಮ್ಮು ಹತ್ತಿತು. ಅಂದಿನಿಂದ ಕೂಸನ್ನು ತಮ್ಮ ಜೊತೆಗೇ ಒಯ್ಯುವ ಹಟ ಹಿಡಿದಿದ್ದಾರೆ.

ಹೇಗೆ ಒಯ್ಯುವುದು ಎಂಬ ಪ್ರಶ್ನೆಗೆ ಉತ್ತರ ನಾನೇ ತಂದುಕೊಟ್ಟದ್ದು ಎಂದು ಆಗ ಗೊತ್ತಾಯಿತು. ದಸರೆ ಸೂಟಿಗೆ ಬಂದಾಗ ಹಾಸ್ಟೆಲಿನ ರೂಮ್‌ಮೇಟ್ ಕೊಟ್ಟ ಒಂದು ಅಮೆರಿಕನ್ ಮ್ಯಾಗಝಿನ್ ಇಲ್ಲಿಯೇ ಬಿಟ್ಟು ಹೋಗಿದ್ದೆ. ಅದರಲ್ಲಿ ಒಬ್ಬಳು ಹೆಂಗಸು ಚಡ್ಡಿ ಹಾಕಿಕೊಂಡು, ಮೂರು ದೊಡ್ಡ ಗಾಲಿಯ ಒಂದು ಗಾಡಿಯಲ್ಲಿ ಕೂಸನ್ನು ಕೂರಿಸಿ ನೂಕುತ್ತ ಓಡುವ ಫೋಟೋ ಇದೆ. ವೈನಿ ಆ ಹಾಳೆಯನ್ನು ಕತ್ತರಿಸಿ, ಹೆಂಗಸಿನ ಚಡ್ಡಿಯ ಭಾಗದ ಮೇಲೆ ಆತ್ಯಾಗಾಗಿ ಕಾಗದ ಅಂಟಿಸಿ, ಕರೀಮಸಾಬರ ಅಂಗಡಿಯ ಗೋಡೆಗೆ ಹಚ್ಚಿಸಿದ್ದಾರೆ. ಗೋಣಿತಾಟಿನ ಅಡಿಯಲ್ಲಿದ್ದದ್ದು ಅದೇ ಗಾಡಿಯ ಅಸ್ಥಿಪಂಜರ. ಮುಚ್ಚಿಟ್ಟದ್ದು ಏಕೆಂದರೆ, ಆತ್ಯಾ ಪೂರಾ ಆಗುವ ಮೊದಲು ನೋಡಿದರೆ ತೊಂಬತ್ತು ತಕರಾರು ತೆಗೆಯುತ್ತಾಳೆಂದು.

ಇಷ್ಟಾದ ಮೇಲೂ ನಾನು ಮರುಳಾಗಲಿಲ್ಲ. ಗಾಡಿ ಇದೆ ಎಂಬುದು ಖರೆಯಾಯಿತಲ್ಲ, ಅದು ಎಲ್ಲಿಗೆ ಹೋಗುತ್ತದೆ ಎಂದು ಯಾರು ಬಲ್ಲರು? ಅದಕ್ಕೇ ಗಾಡಿ ಆರಿಸುವ ಕೆಲಸದಲ್ಲಿ ನಾನೂ ಸೇರಿಕೊಂಡೆ. ಹೊರಗೆ ಹೆಲ್ಪ್, ಒಳಗೆ ಗೂಢಚಾರಿಕೆ.

ಮೊದಲು ಓಣಿಯ ಮಾಬೂಬಿಯವರ ಅಟ್ಟದ ಮೇಲಿದ್ದ ಹಳೆಯ ವಿಲಾಯತಿ ಬಾಬಾಗಾಡಿ ನೋಡಿದೆವು. ನೋಡಲು ಚೆಂದ, ಝಾಲರಿ ಇದೆ, ಪುಕ್ಕಟೆ ಕೊಡುತ್ತೇನೆಂದರು. ವೈನಿ ಕೂಸಿನ ಬದಲು ಜೋಳದ ಚೀಲ ಇಟ್ಟು ಓಡಿಸಿದರು. ನಾಲ್ಕೂ ಗಾಲಿ ಸಣ್ಣವು. ಮೊದಲನೇ ಕಲ್ಲಿಗೇ ಜೋಳ ಗಟಾರಕ್ಕೆ ಬಿತ್ತು. "ಇದು ಅಡ್ಡಾಡೋ ಗಾಡಿ. ಓಡೋ ಗಾಡಿ ಅಲ್ಲ," ಎಂದು ತಿರುಗಿ ಕೊಟ್ಟರು. ಆಮೇಲೆ ಕರೀಮಸಾಬರ ಗಾಡಿ. ಹಿಂದೆ ಎರಡು ಮುಂದೆ ಒಂದು, ಮಕ್ಕಳ ಸೈಕಲ್ಲಿನ ಗಾಳಿ ತುಂಬುವ ಗಾಲಿಗಳು. ಮುಂದಿನ ಗಾಲಿಯನ್ನು ಅವರು ಎಲ್ಲ ಕಡೆಗೂ ತಿರುಗುವ ಹಾಗೆ ಮಾಡಿದ್ದರು, ಓಣಿಯಲ್ಲಿ ಸಸಾರ ಆಗಲೆಂದು. ನಡೆದಾಗ ಬೆಣ್ಣೆಯಂತೆ ಹೋಯಿತು. ಓಡಿದಾಗ ಗಾಲಿ ದೇವರು ಮೈಮೇಲೆ ಬಂದವರಂತೆ ತಲೆ ಝಾಡಿಸಿತು, ಜೋಳ ಮತ್ತೆ ಗಟಾರಕ್ಕೆ. ಗಾಲಿಯನ್ನು ನೆಟ್ಟಗೆ ಬಿಗಿದುಬಿಡಿ ಎಂದು ವೈನಿ. "ತಿರಗದ ಗಾಲಿ ಎಂಥಾ ಗಾಲೀರಿ, ಬಾಯಾರ?" ಎಂದು ಅವರು. "ಶಿಗ್ಗಾಂವಿ ರಸ್ತೆ ನೆಟ್ಟಗ ಅದರೀ. ತಿರಗಬೇಕಾದಲ್ಲಿ ಹಿಡಿಕಿ ಒತ್ತಿ ಮುಂದಿಂದು ಎತ್ತಿ ತಿರಗಸ್ತೇನಿ." ಬಿಗಿದ ಮೇಲೆ ಜೋಳದ ಚೀಲ ಅಲ್ಲಾಡಲಿಲ್ಲ. ಕರೀಮಸಾಬರು ತಾವೇ ಒಮ್ಮೆ ಓಡಿ ನೋಡಿ, ದಮ್ಮು ಹತ್ತಿ, ಮೆಟ್ಟಿಲ ಮೇಲೆ ಕುಳಿತು ಹೂಂಗುಟ್ಟಿದರು.

ಲೇಡೀಸ್ ಸೈಕಲ್ಲಿನ ಹ್ಯಾಂಡ್‌ಬ್ರೇಕ್ ಹಾಕಿಸಿದರು. ಹಿಡಿಕೆಯಿಂದ ತಮ್ಮ ಮಣಿಕಟ್ಟಿಗೆ ಒಂದು ನೂಲಿನ ಪಟ್ಟಿಯನ್ನೂ ಕಟ್ಟಿಸಿಕೊಂಡರು. ಕೂಸನ್ನು ಕೈಗೇ ಕಟ್ಟಿಕೊಳ್ಳುವುದು ಏಕೆ ಎಂದು ನಾನು ಸಂಶಯದಿಂದ ಕೇಳಿದೆ. "ನಾ ಮುಗ್ಗರಿಸಿ ಬಿದ್ದೆ ಅಂತ ತಿಳಿ. ಕೈ ಬಿಡ್ತದ. ಕೆರಿ ಇಳಿಜಾರದಾಗ ಗಾಡಿ ಒಂದ ಹೋಗಬೇಕೇನು?" ಎಂದರು. ಕೂರುವ ಜಾಗಕ್ಕೆ ಕರೀಮಸಾಬರು ಚರ್ಮ ತಂದಿದ್ದರು. ಆತ್ಯಾ ತೊಗಲು ಹೊಸ್ತಿಲು ದಾಟಕೂಡದೆಂದು ತಡೆದಳು. ಹೀಗಾಗಿ ನಿನ್ನ ಹಳೆಯ ಏರ್‌ಫೋರ್ಸ್ ಕಿಟ್‌ಬ್ಯಾಗ್ ಬಿಚ್ಚಿ ಹೊಲಿದರು. ಬೆನ್ನಿನ ಕಡೆ ಬಿಳಿ ಬಣ್ಣದಲ್ಲಿ ನಿನ್ನ ಹೆಸರು ಹಾಗೆಯೇ ಉಳಿದಿದೆ. ಒಳಗೆ ಮಡಚಿ ಹೊಲಿಯಬಹುದಿತ್ತು. "ಇರ್ಲಿ, ಹಿಂದ ಬರೋವ್ರಿಗೆ ಕಾಣ್ಲಿ ಯಾರ ಮಗಳು ಅಂತ," ಎಂದರು ವೈನಿ.

ಆದರೆ ನನ್ನ ಸಂಶಯದ ಟೈರಿನಿಂದ ಗಾಳಿ ಹೋದದ್ದು ಬೇರೆ ಮಾತಿನಿಂದ. ಫೋಟೋದಲ್ಲಿಯ ಗಾಡಿ ಮಡಚುತ್ತದೆ. ಕರೀಮಸಾಬರು ಅದೊಂದೇ ಕಲೆಯನ್ನು ತೋರಿಸಲು ಕಾತರರಾಗಿದ್ದರು. "ಎರಡ ಬಿಜಾಗರಿ ಕುಂದರಿಸಿದ್ರ ಬಾಗಲದಂಗ ಮಡಚತೈತ್ರಿ. ಬಸ್ಸಿನ ಮ್ಯಾಲ ಒಗದು ಎಲ್ಲಿಗೆ ಬೇಕಾದಲ್ಲಿ ಒಯ್ರಿ." ನಾನು ಕಿವಿ ನಿಮಿರಿಸಿ ನಿಂತೆ. ವೈನಿ ಯೋಚನೆಯನ್ನೂ ಮಾಡಲಿಲ್ಲ. "ಬ್ಯಾಡ್ರಿ. ಬಿಜಾಗರಿ ಇದ್ದಲ್ಲೇ ಸಡಲ ಆಗ್ತದ. ನಾ ಎಲ್ಲಿಗೆ ಒಯ್ಯೂದದ? ಇದ ಊರಾಗ ಓಡೂದು, ಇದ ಮನಿಗೆ ಬರೂದು." ಅಣ್ಣಾ, ಓಡಿಹೋಗುವವರು ಮಡಚುವ ಗಾಡಿ ಬಿಟ್ಟು ಮಡಚದ ಗಾಡಿ ಆರಿಸುತ್ತಾರೆಯೇ? ನೀನೇ ಜಡ್ಜ್ ಮಾಡು.

ಉಳಿದದ್ದು ಗುಡ್ಡಪ್ಪನ ಮಾತು. ಅದನ್ನು ಇಂದು ಊಟವಾದ ಮೇಲೆ ಆತ್ಯಾಳಿಂದ ಶಬ್ದ ಶಬ್ದ ಬಿಡಿಸಿ ಕೇಳಿದೆ. ಅವನು ಮುಂಜಾನೆ ಬಂದಾಗ ಆತ್ಯಾ ಮಡಿಯಲ್ಲಿದ್ದಳು. ಹೆಚ್ಚು ಮಾತನಾಡುವ ಹಾಗಿರಲಿಲ್ಲ. "ವೈನಿಯಾರು ಎಲ್ಲಿ ಅದಾರ್ರಿ?" ಎಂದನಂತೆ. "ಓಡಿ ಹೋಗ್ಯಾಳ," ಎಂದಳಂತೆ. ಅವನು ಗಾಬರಿಯಾಗಿ, "ಕೂಸು?" ಎಂದ. "ಗಾಡಿ ಗೊತ್ತಾತು ಅಂದ್ರ ಅದನ್ನೂ ಕರಕೊಂಡ ಹೋಗ್ತಾಳಂತ." ಖಾರದ ಪೊಟ್ಟಣ ಕಟ್ಟೆಯ ಮೇಲೆ ಇಟ್ಟು ಒಳಗೆ ಹೋದಳು. ಹಾಸ್ಟೆಲಿನ ನಮ್ಮ ಭಾಷೆಯಲ್ಲಿ ರನ್ ಬೇರೆ, ರನ್ ಅವೇ ಬೇರೆ. ಮನೆಯಲ್ಲಿ ಎರಡಕ್ಕೂ ಓಡಿ ಹೋಗುವುದೇ. ಯಾಕೆ ಹಾಗೆ ಹೇಳಿದಿ ಎಂದರೆ ಆತ್ಯಾ, "ಮತ್ತ ಏನ ಹೇಳಬೇಕು? ಓಡಿ ಹೋಗ್ತಾಳ, ಓಡಿ ಬರ್ತಾಳ. ಅಂವಾ ನಿಂತಿದ್ರ ಬರೂದೂ ನೋಡ್ತಿದ್ದ," ಎನ್ನುತ್ತಾಳೆ.

ಒಂದು ಮಾತು ನೆನಪು ಮಾಡಿಕೊಡುತ್ತೇನೆ, ಸಿಟ್ಟಾಗಬೇಡ. ಹಿರೇಕೆರೂರಿನಲ್ಲಿ ವೈನಿಯನ್ನು ನೋಡಲು ಹೋದಾಗ ನಾನೂ ಇದ್ದೆ. ಹುಡುಗಿ ಕಾಲೇಜಿನಲ್ಲಿ ಓಟದಾಗ ಫಸ್ಟ್ ಎಂದು ಅವರ ಅಪ್ಪ ಅಂಜುತ್ತಂಜುತ್ತ ಹೇಳಿದಾಗ ನೀನು ಅವಲಕ್ಕಿಯ ತಾಟಿನಿಂದ ತಲೆ ಎತ್ತಿ, "ಬಿಡಬ್ಯಾಡ್ರಿ," ಎಂದಿದ್ದೆ. ಆ ಒಂದು ಮಾತಿಗೇ ಒಪ್ಪಿದೆ ಎಂದು ವೈನಿ ಮೊನ್ನೆ ಗಾಲಿಗೆ ಗಾಳಿ ಹೊಡೆಯುತ್ತ ನನಗೆ ಹೇಳಿದರು. ನಿನ್ನ ಪತ್ರ ಏಕೆ ಬರುತ್ತಿಲ್ಲ ಎಂದು ಅವರಿಗೆ ತಿಳಿಯದು. ಟಪಾಲಿನವನ ಸೈಕಲ್ ಗಂಟೆ ಕೇಳಿದರೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, ಬೇರೆ ಏನೋ ಕೆಲಸಕ್ಕೆ ಬಂದವರಂತೆ ತಿರುಗಿ ಹೋಗುತ್ತಾರೆ. ಅವರಿಗೆ ಬರೆ. ಈ ವಿಷಯ ಬರೆಯಬೇಡ, ಬರೇ ಕ್ಷೇಮ ಬರೆ.

ಆತ್ಯಾಳ ಆಶೀರ್ವಾದ, ವಸುಧಾಳ ಒಂದು ಎಳೆತ ನಿನ್ನ ಬೂಟಿಗೆ. ಗುಡ್ಡಪ್ಪನಿಗೆ ಏನೂ ಅನ್ನಬೇಡ. ಅವನು ಕೇಳಿದ್ದನ್ನೇ ಹೇಳಿದ.

ನಿನ್ನ ತಮ್ಮ,
ವಾದಿರಾಜ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ. ಲಕೋಟೆಗೆ ಅಂಟು ತರಲು ಒಳಗೆ ಹೋದೆ. ನಾನು ಕೇಳಿದ್ದರಿಂದ ಆತ್ಯಾಗೆ ಗುಡ್ಡಪ್ಪನ ಗಾಬರಿ ನೆನಪಾಗಿ, ನಗುತ್ತ ವೈನಿಗೆ ಹೇಳುತ್ತಿದ್ದಳು. ವೈನಿಯೂ ಮೊದಲು ನಕ್ಕರು. ಆಮೇಲೆ ನಗು ನಿಂತಿತು. ನನ್ನ ಕಡೆ ತಿರುಗಿ, "ಅದಕ್ಕ ಪತ್ರಾ ಬರವಲ್ದು. ನಿನ್ನೂ ನನ್ನ ಕಾಯಲಿಕ್ಕೆ ಕಳಿಸ್ಯಾರೇನು?" ಎಂದರು. ನನಗೆ ಸುಳ್ಳು ಬರಲಿಲ್ಲ. ಅವರು ಅಳಲಿಲ್ಲ. "ಓಡಿ ಹೋಗೋರು ಹೇಳಿ ಹೋಗೂದಿಲ್ಲ. ನಾ ಹೇಳೇ ಹೋಗ್ತೇನಿ, ಹಿರೇಕೆರೂರಿಗೆ, ನಮ್ಮ ಅಪ್ಪನ ಮನಿಗೆ. ಕೂಸೂ ಬರ್ತದ. ಅಷ್ಟು ಬರದಬಿಡು. ಮತ್ತ ಕರೀಮಸಾಬಗ ಹೇಳಿ ಬಾ, ಬಿಜಾಗರಿ ಹಾಕ್ಲಿ, ಬಸ್ಸಿನ ಮ್ಯಾಲ ಹಾಕಬೇಕು," ಎಂದು ಗಾಡಿಯನ್ನು ನನ್ನ ಕೈಗೆ ಕೊಟ್ಟರು.

ಒಯ್ದು ಕೊಟ್ಟು, ಹಾಕಬೇಡಿ ಎಂದು ಕರೀಮಸಾಬರ ಕೈ ಹಿಡಿದೆ. ಅವರು ನನ್ನ ಮುಖ ನೋಡಿದರು. "ಬಿಜಾಗರಿ ಹುಬ್ಬಳ್ಳಿಂದ ಬರಬೇಕು ಅಂತ ಹೇಳ್ತೇನ್ರಿ. ಆದ್ರ ಎಷ್ಟ ದಿನಾ ಅಂತ ಹೇಳ್ಲಿ?" ಎಂದರು. ಜೋರ್ಹಾಟಿನಿಂದ ತಂತಿ ಬರುವವರೆಗೆ ಎಂದು ಹೇಳಿ ಬಂದಿದ್ದೇನೆ. ತಂತಿ ನನ್ನ ಹೆಸರಿಗೆ ಬೇಡ.