ಉದ್ದಹೊಲದಲ್ಲಿ ಸಿಕ್ಕ ಲಾಳ

ಹೆಲ್ಬಿ, ನಾರ್ಥಾಂಪ್ಟನ್ ಸೀಮೆ
ಭಾನುವಾರ, 8 ಮಾರ್ಚ್ 1942

ನನ್ನ ಪ್ರೀತಿಯ ಸಿರಿಲ್,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಸೆರೆಶಿಬಿರಕ್ಕೆ ರೆಡ್ ಕ್ರಾಸ್‌ನವರ ಪೊಟ್ಟಣ ಸರಿಯಾಗಿ ಬರುತ್ತಿದೆಯೇ? ಅದರ ಚಹಾಪುಡಿ ನಿನಗೆ ಉಳಿಯುತ್ತದೋ, ಎಂದಿನಂತೆ ಕೇಳಿದವರಿಗೆಲ್ಲ ಹಂಚಿಬಿಡುತ್ತೀಯೋ? ನಾನು ಹೆಣೆದ ಕಾಲುಚೀಲಗಳಲ್ಲಿ ಒಂದು ದೊಡ್ಡದಾಗಿದೆ, ಗೊತ್ತು. ನಗಬೇಡ, ಎರಡು ಸಲ ಮಡಿಸಿ ಹಾಕಿಕೋ. ಇಲ್ಲಿ ಮಾವ ಗಟ್ಟಿಯಾಗಿದ್ದಾರೆ. ಮಂಡಿನೋವು ಇದ್ದೇ ಇದೆ, ಅದಿಲ್ಲದಿದ್ದರೆ ಅವರಿಗೆ ಬೈಯಲು ಏನೂ ಸಿಗುತ್ತಿರಲಿಲ್ಲ.

ನಿನಗೆ ಇಷ್ಟು ದಿನ ಬರೆಯದೆ ಇಟ್ಟುಕೊಂಡಿದ್ದ ಸುದ್ದಿಯೊಂದಿದೆ. ಹೇಗೆ ಮುಗಿಯುತ್ತದೋ ಎಂಬ ಭಯಕ್ಕೆ ಬರೆದಿರಲಿಲ್ಲ. ಕಳೆದ ಸೆಪ್ಟೆಂಬರಿನಲ್ಲಿ ಸರ್ಕಾರದ ಯುದ್ಧಕಾಲದ ಕೃಷಿ ಸಮಿತಿಯವರು ಬಂದು ಉದ್ದಹೊಲವನ್ನು ಉತ್ತು ಗೋಧಿ ಹಾಕಬೇಕೆಂದು ಹೇಳಿಹೋದರು. ಬಂದವನು ಒಳ್ಳೆಯ ಮನುಷ್ಯ, ಟೋಪಿ ಕೈಯಲ್ಲಿ ಹಿಡಿದೇ ಮಾತಾಡಿದ. ಆದರೆ ನಾವು ಉಳದಿದ್ದರೆ ಹೊಲ ಬೇರೆಯವರ ಕೈಗೆ ಹೋಗುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ. ಮಾವ ಅವನಿಗೆ ಕುರ್ಚಿ ಕೂಡ ತೋರಿಸಲಿಲ್ಲ. ಅವರ ಪ್ರಕಾರ ಉದ್ದಹೊಲ ಸೃಷ್ಟಿಯಾದಂದಿನಿಂದ ಹುಲ್ಲೇ. ಅದರ ಉದ್ದಕ್ಕೂ ಮಲಗಿದ ಹಸುಗಳ ಬೆನ್ನಿನಂತೆ ಎದ್ದಿರುವ ದಿಂಡುಗಳನ್ನು ಹಿರಿಯರು ನೀರು ಬಸಿದುಹೋಗಲೆಂದು ತೋಡಿ ಎಬ್ಬಿಸಿದ್ದಂತೆ. "ನನ್ನ ಮುತ್ತಜ್ಜನೂ ನೇಗಿಲು ಮುಟ್ಟಿಸದ ನೆಲ ಅದು. ನಾನು ಬದುಕಿರೋವರ್ಗೂ ಆಗಲ್ಲ" ಅಂದರು. ನೀನು ಕಾಣೆಯಾದೆ ಅಂತ ತಂತಿ ಬಂದಾಗಿನಿಂದ ಅವರು ನನ್ನೊಡನೆ ಮಾತಾಡುತ್ತಿದ್ದದ್ದೇ ಅಷ್ಟಕ್ಕಷ್ಟೆ. ಪಟ್ಟಣದ ಶೂ ಕಾರ್ಖಾನೆಯ ಹುಡುಗಿ ಇವತ್ತಲ್ಲ ನಾಳೆ ಗಂಟುಮೂಟೆ ಕಟ್ಟುತ್ತಾಳೆ ಎಂದೇ ಅವರು ಕಾಯುತ್ತಿದ್ದರು ಅನ್ನಿಸುತ್ತದೆ.

ನಾನೇ ಕುದುರೆಗಳನ್ನು ನೇಗಿಲಿಗೆ ಕಟ್ಟಿದೆ. ಇನ್ನೇನು ಮಾಡಲಿ, ನೀನು ಬರುವಾಗ ಹೊಲ ಇರಬೇಕಲ್ಲ? ಬೇಲಿಯಿಂದ ಬೇಲಿಗೆ ನೆಟ್ಟಗೆ ಅಡ್ಡಡ್ಡ ಹೊಡೆದೆ. ದಿಂಡು ಬಂದಲ್ಲಿ ನೇಗಿಲು ಹೂತುಹೋಗುತ್ತಿತ್ತು, ತಗ್ಗು ಬಂದಲ್ಲಿ ಗಾಳಿಯಲ್ಲಿ ತೇಲುತ್ತಿತ್ತು. ಕುದುರೆ ಬ್ಲಾಸಮ್ ತಿರುಗಿ ನನ್ನನ್ನು ನೋಡಿದ ರೀತಿ ನಿನ್ನ ಅಪ್ಪನ ಹಾಗೇ ಇತ್ತು. ಮಾರನೆಯ ದಿನ ದಿಂಡಿನ ಗುಂಟವೇ ಹೋದೆ, ಸಲೀಸಾಯಿತು. ಆ ಮಧ್ಯಾಹ್ನ ನೇಗಿಲ ಬಾಯಿಗೆ ಒಂದು ಕಬ್ಬಿಣದ ಚೂರು ಬಂತು. ಬಾಳೆಕಾಯಿಯಷ್ಟು ಉದ್ದ, ಅರ್ಧಚಂದ್ರದ ಆಕಾರ, ಒಂದೇ ಅಂಚಿನಲ್ಲಿ ಮೊಳೆಯ ತೂತು. ಏಳು ವರ್ಷ ಬೂಟಿನ ಅಟ್ಟೆ ಕತ್ತರಿಸಿದವಳು ನಾನು, ಪಾದದ ಅಳತೆ ನನ್ನ ಕಣ್ಣಿಗೆ ತಪ್ಪುವುದಿಲ್ಲ. ಅದು ಕುದುರೆಯದಲ್ಲ. ಅದಕ್ಕೊಂದು ಜೋಡಿ ಇರಲೇಬೇಕಿತ್ತು.

ಊಟದ ಹೊತ್ತಿಗೆ ತೊಳೆದು ಮಾವನ ತಟ್ಟೆಯ ಪಕ್ಕ ಇಟ್ಟೆ. ಇದು ಒಂದು ಪಾದದ ಅರ್ಧ, ಸೀಳಿದ ಗೊರಸಿನದು ಅಂದೆ. ಅವರು ಆಲೂಗಡ್ಡೆ ಬಿಟ್ಟು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಎತ್ತಿಂದು" ಅಂದರು. "ಹುಲ್ಲುಗಾವಲು, ಎತ್ತು ಮೇದಿರುತ್ತೆ. ಅದ್ರಲ್ಲೇನಿದೆ?"

"ಮೇಯೋ ಎತ್ತಿಗೆ ಯಾರಾದ್ರೂ ಲಾಳ ಹೊಡೆಸ್ತಾರಾ ಮಾವ?"

ಅವರು ಲಾಳವನ್ನು ಜೇಬಿಗೆ ಹಾಕಿಕೊಂಡು ಎದ್ದುಹೋದರು. ಬೆಳಿಗ್ಗೆ ನಾನು ಲಾಯಕ್ಕೆ ಹೋದರೆ ಮಾವ ಆಗಲೇ ಬೂಟು ತೊಟ್ಟು, ಕುದುರೆ ಸಿದ್ಧಮಾಡಿ, "ನಾಲ್ಕು ಗಂಟೆಗೆಲ್ಲ ಏಳೋದು ಕಾರ್ಖಾನೇಲಿ ಕಲಿಸಿಲ್ವೇನಮ್ಮ?" ಅಂದರು. ಅವರು ಮುಂದೆ ಕುದುರೆ ಹಿಡಿದರು, ನಾನು ಹಿಂದೆ ನೇಗಿಲು. ದಿಂಡುಗಳು ತುದಿಯಲ್ಲಿ ಕುಡುಗೋಲಿನ ಹಾಗೆ ಬಾಗುವುದು ನಿನಗೆ ಗೊತ್ತಲ್ಲ. ಆ ಬಾಗಿನಲ್ಲಿ ಮಾವ ಗಕ್ಕನೆ ನಿಂತರು. ಎಂಟು ಎತ್ತು ಸಾಲಾಗಿ ಕಟ್ಟಿದವನು ಕೊನೆ ಮುಟ್ಟಿ ತಿರುಗಿಸಲಾರ, ಮೊದಲೇ ವಾಲಿಸಿಕೊಂಡು ಬರಬೇಕು, ಹಾಗೆ ಬಂದು ಬಂದು ನೆಲವೇ ಬಾಗಿದೆ ಅಂದರು. ಹುಟ್ಟಿದಾಗಿನಿಂದ ನೋಡಿದ ಹೊಲವನ್ನು ಹೊಸ ಊರಿನಂತೆ ನೋಡುತ್ತಿದ್ದರು. ನೇಗಿಲು ಮುಟ್ಟಿಸಬಾರದು ಅಂದುಕೊಂಡ ನೆಲ ಆ ಆಕಾರಕ್ಕೆ ಬಂದದ್ದೇ ಉತ್ತು ಉತ್ತು, ನೋಡು.

ಪಾದ್ರಿಗಳಿಗೂ ಲಾಳ ತೋರಿಸಿದೆವು. ಬೇಲಿಗಳೇ ಇಲ್ಲದಿದ್ದ ಹಳೆಯ ಕಾಲದಲ್ಲಿ ಒಂದೊಂದು ದಿಂಡು ಒಂದೊಂದು ಮನೆಯದಂತೆ, ಒಳ್ಳೆಯ ಮಣ್ಣೂ ಕೆಟ್ಟದ್ದೂ ಎಲ್ಲರಿಗೂ ಸಿಗಲೆಂದು ಚದುರಿಸಿ ಹಂಚುತ್ತಿದ್ದರಂತೆ. ಮಾವ ದಾರಿಯುದ್ದಕ್ಕೂ ಯಾವ ದಿಂಡು ನಮ್ಮದಿದ್ದೀತು ಎಂದು ಯೋಚಿಸಿ, ಕೊನೆಗೆ ಹಳ್ಳದ ಪಕ್ಕದ ಜೌಗಿನದೇ ಇರಬೇಕು, ನಮ್ಮವರ ಅದೃಷ್ಟ ನನಗೆ ಗೊತ್ತು ಅಂದರು. ತಂತಿ ಬಂದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಚಳಿಗಾಲದ ನೀರೆಲ್ಲ ತಗ್ಗುಗಳಲ್ಲೇ ನಿಂತಿತು. ದಿಂಡಿನ ಬೆನ್ನ ಮೇಲೆ ಗೋಧಿ ಈಗ ಗೇಣುದ್ದ. ಇವತ್ತು ಚರ್ಚಿನಿಂದ ಬಂದವರೇ ಮಾವ ಕುರ್ಚಿ ಒಯ್ದು ಉದ್ದಹೊಲದ ಗೇಟಿನ ಬಳಿ ಕೂತಿದ್ದಾರೆ. ಅಲ್ಲಿ ಮಾಡುವ ಕೆಲಸ ಏನೂ ಇಲ್ಲ, ಸುಮ್ಮನೆ ನೋಡುತ್ತಾರೆ.

ಪಾದ್ರಿಗಳೂ ಬೇಕರಿಯ ಡಾರ್ಕಸ್ ಅಕ್ಕನೂ ನಿನ್ನನ್ನು ಕೇಳಿದರು. ಬೆಚ್ಚಗಿರು, ಹೊಟ್ಟೆತುಂಬ ಅಲ್ಲದಿದ್ದರೂ ಹೊತ್ತಿಗೆ ಸರಿಯಾಗಿ ತಿನ್ನು. ದೇವರು ನಿನ್ನ ತಲೆ ಕಾಯಲಿ.

ಎಂದೆಂದಿಗೂ ನಿನ್ನವಳೇ,
ವಿನಿಫ್ರೆಡ್

ಮ.ಮ: ಸೋಮವಾರ ಬೆಳಿಗ್ಗೆ. ಅಂಚೆಯವನು ಇದನ್ನು ಒಯ್ಯಲು ಗೇಟಿನಲ್ಲಿದ್ದಾನೆ. ನಿನ್ನ ಬಲಗೈಯನ್ನು ವೈದ್ಯರು ಕತ್ತರಿಸಿ ತೆಗೆದರೆಂದು ಕಳೆದ ಪತ್ರದಲ್ಲಿ ಬರೆದದ್ದನ್ನು ಓದಿದೆ, ಸಿರಿಲ್. ಒಂಟಿಗೈಯವನಿಗೆ ಕಾಯಬೇಡ, ಪಟ್ಟಣಕ್ಕೆ ಹೋಗಿಬಿಡು ಎಂದದ್ದನ್ನೂ. ಹೋಗುವುದಿಲ್ಲ. ಇನ್ನೊಮ್ಮೆ ಹಾಗೆ ಬರೆದರೆ ಉತ್ತರ ಬರೆಯುವುದಿಲ್ಲ. ಮಾವನಿಗೂ ಓದಿ ಹೇಳಿದೆ. ಅವರು ನನ್ನನ್ನು ಮೊದಲ ಸಲ ಹೆಸರು ಹಿಡಿದು ಕರೆದು ಹೇಳಿದರು: "ವಿನಿಫ್ರೆಡ್, ಹೀಗೆ ಬರಿ ಅವನಿಗೆ. ನನ್ನವೆರಡು, ನಿನ್ನವೆರಡು, ಅವನದೊಂದು, ಒಟ್ಟು ಐದು. ಈ ಮನೆ ಇಷ್ಟು ದಿನ ನಾಲ್ಕೇ ಕೈಯಲ್ಲಿ ನಡೆದಿದೆ."