ದೀಪ ಆರಿಸಿ ನೋಡಿದ್ದು

ಬೋಟ್ಸ್‌ಫ್ಯೋರ್ಡ್, ಡಿಸೆಂಬರ್ 9

ಆಸ್ಮುಂಡ್ ಮೇಷ್ಟ್ರಿಗೆ ನಮಸ್ಕಾರ.

ನಾನು ಯೋಸ್ಟೈನ್, ಹನ್ನೆರಡು ವರ್ಷದ ಹಿಂದೆ ಮೆಕ್ಯಾನಿಕ್ ಕ್ಲಾಸಿನಲ್ಲಿ ನಿಮ್ಮ ಶಿಷ್ಯನಾಗಿದ್ದವನು. ಈಗ ಸ್ವಂತ ಗ್ಯಾರೇಜಿದೆ.

ನಮ್ಮೂರ ಸೂಲಗಿತ್ತಿ ಗುನ್ವೋರ್ ಅವರ ಹಳೇ ಎಸ್‌ಯುವಿಯ ಎಂಜಿನ್ ತೇವದ ದಿನ ಮಾತ್ರ ಮಿಸ್ಸಿಂಗ್ ಹೊಡೆಯುತ್ತಿತ್ತು. ದೋಷ ಎರಡನೇ ಸಿಲಿಂಡರಿನಲ್ಲಿದೆ ಎಂದು ಸ್ಕ್ಯಾನರ್ ತೋರಿಸಿತು. ಪ್ಲಗ್ ಬದಲಿಸಿದೆ, ಕಾಯಿಲ್ ಬದಲಿಸಿದೆ. ಮೂರನೇ ಸಲ ಗಾಡಿ ತಂದ ಗುನ್ವೋರ್, "ಏನಪ್ಪಾ, ಬೆಟ್ಟದ ಮೇಲೆ ಮತ್ತೆ ಕುಂಟ್ತು. ನೀನು ಸರಿಮಾಡೋವರೆಗೂ ಹೊಟ್ಟೇಲಿರೋ ಮಗು ತಡ್ಕೊಳುತ್ತಾ?" ಅಂದರು.

ಆಗ ನೀವು ಕ್ಲಾಸಿನಲ್ಲಿ ದೀಪ ಆರಿಸಿ ಎಂಜಿನ್ ನೋಡಿಸುತ್ತಿದ್ದುದು ನೆನಪಾಯಿತು. ನಿನ್ನೆ ಮಧ್ಯಾಹ್ನ ಹನ್ನೆರಡಕ್ಕೆ, ಚಳಿಗಾಲದ ಈ ಎರಡು ತಿಂಗಳು ಇಲ್ಲಿ ಹೇಗೂ ಸೂರ್ಯ ಹುಟ್ಟುವುದಿಲ್ಲ, ಗ್ಯಾರೇಜಿನ ದೀಪ ಆರಿಸಿದೆ. ಎಂಜಿನ್ ಓಡುತ್ತಿರುವಾಗಲೇ, ಹೂಕುಂಡಕ್ಕೆ ನೀರು ಚಿಮುಕಿಸುವ ಬಾಟಲಿಯಿಂದ ಪ್ಲಗ್ ವೈರುಗಳ ಮೇಲೆ ತೆಳ್ಳಗೆ ಸಿಂಪಡಿಸಿದೆ. ಎರಡನೇ ವೈರಿನ ಮೈಮೇಲೆ ನೀಲಿ ಕಿಡಿ ಬಳ್ಳಿಯ ಹಾಗೆ ಹಬ್ಬಿ ಪಕ್ಕದ ಕಬ್ಬಿಣಕ್ಕೆ ಹಾರಿತು. ಎಂಜಿನ್ ಮುಗ್ಗರಿಸಿದಾಗಲೆಲ್ಲ ಮತ್ತೆ ಹಾರಿತು. ಬೆಳಕಿನಲ್ಲಿ ನೂರು ಸಲ ನೋಡಿದ್ದರೂ ಬಿರುಕು ಕಾಣದಿದ್ದ ವೈರು ಅದು. ಕೈಯಲ್ಲಿ ಬಾಟಲಿ ಹಿಡಿದು ಹಾಗೇ ನಿಂತುಬಿಟ್ಟೆ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಗುನ್ವೋರ್ ತಲೆಯ ಟೋಪಿ ತೆಗೆದಿದ್ದರು, ಯಾಕೆಂದು ಅವರಿಗೂ ಗೊತ್ತಿಲ್ಲ.

ಮೇಷ್ಟ್ರು ನಮ್ಮನ್ನು ಕತ್ತಲಲ್ಲಿ ಕೂರಿಸಿ ಕಾಲ ಹಾಳುಮಾಡುತ್ತಾರೆ ಅಂತ ಶಾಲೆಗೆ ಹೋದ ದೂರಿನಲ್ಲಿ ಮೊದಲ ಸಹಿ ನನ್ನದು. ಅದನ್ನು ನೀವು ಓದಿದ್ದೀರಿ.

ಹೊಸ ವೈರು ಬಂದಿದೆ, ಆದರೆ ಗುರುವಾರದವರೆಗೆ ಹಾಕುವುದಿಲ್ಲ. ಅಲ್ಲಿಯವರೆಗೆ ಓಡಾಡಲು ಗುನ್ವೋರ್‌ಗೆ ನನ್ನ ಕಾರು ಕೊಟ್ಟಿದ್ದೇನೆ. ಅವತ್ತು ಸಹಿ ಹಾಕಿದ ಉಳಿದ ನಾಲ್ವರೂ ಗುರುವಾರ ಹನ್ನೆರಡಕ್ಕೆ ಗ್ಯಾರೇಜಿಗೆ ಬರುತ್ತಾರೆ. ನೀವೂ ಬನ್ನಿ, ದೀಪ ನೀವೇ ಆರಿಸಬೇಕು.

ನಿಮ್ಮ,
ಯೋಸ್ಟೈನ್