ಹಳದಿ ಹಿಡಿದ ಕಣ್ಣು

ಅಣ್ಣಾ,

ನೀನು ಇದನ್ನು ಓದುವುದಿಲ್ಲ, ಗೊತ್ತು. ಆದರೂ ಜಂಬ ಕೊಚ್ಚಲು ನಿನ್ನನ್ನು ಬಿಟ್ಟರೆ ನನಗೆ ಯಾರಿದ್ದಾರೆ?

ಇವತ್ತು ನಿನ್ನ ಮಗಳು ಆಸ್ಪತ್ರೆಯಿಂದ ಮನೆಗೆ ಬಂದಳು. ಹಲ್ಲುನೋವಿಗೊಂದು, ಜ್ವರಕ್ಕೊಂದು, ಮೈಕೈ ನೋವಿಗೊಂದು ಎಂದು ಮೂರು ಬಣ್ಣದ ಮಾತ್ರೆಗಳನ್ನು ವಾರವಿಡೀ ನುಂಗಿದ್ದಳು. ಮೂರರಲ್ಲೂ ಇದ್ದದ್ದು ಒಂದೇ ಮದ್ದು; ಅದು ಮೂರು ಪಟ್ಟಾಗಿ ಲಿವರ್ ಕೈಕೊಟ್ಟಿತ್ತು. ಯಾವ ಬಣ್ಣ ಕಲಸಿದರೂ ಅಡಿಯಲ್ಲಿರುವುದು ಅದೇ ಬಿಳಿ ಎಂದು ಬಲ್ಲ ಪೇಂಟರ್ ಮಗಳಿಗೆ ಇದು ಹೊಳೆಯಲಿಲ್ಲ ನೋಡು!

ಅವಳ ಕಣ್ಣಿನ ಹಳದಿಯನ್ನು ಮೊದಲು ಹಿಡಿದವನು ನಾನೇ, ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ಪಂಡಿತ!

"ಇನ್ನೆರಡು ದಿನ ತಡ ಆಗಿದ್ರೆ ಕಷ್ಟ ಇತ್ತು. ನಿಮಗೆ ಹೇಗೆ ಗೊತ್ತಾಯ್ತು?" ಎಂದರು ಡಾಕ್ಟರು.

"ನಲವತ್ತು ವರ್ಷ ಬಣ್ಣ ಕಲಸಿದ ಕಣ್ಣು ಸ್ವಾಮಿ," ಎಂದು ಮೀಸೆ ತಿರುವಿದೆ.

ಮನೆಗೆ ಬಂದವಳೇ ಕನ್ನಡಿ ಮುಂದೆ ನಿಂತು, "ಚಿಕ್ಕಪ್ಪಾ, ಈಗ ಯಾವ ಬಣ್ಣ?" ಎಂದಳು.

"ಅಪ್ಪಟ ಬಿಳಿ ಕಣೇ, ಹೊಸ ಗೋಡೆ!"

ಅತ್ತಿಗೆಯೂ ನಕ್ಕರು, ನೀನು ಹೋದಮೇಲೆ ಮೊದಲ ಸಲ.

ಡಾಕ್ಟರಿಗೆ ಒಂದು ಮಾತು ಮಾತ್ರ ಹೇಳಲಿಲ್ಲ. ಆ ಹಳದಿಯನ್ನು ನಾನು ಹಿಂದೊಮ್ಮೆ ನೋಡಿದ್ದೆ, ನೀನು ಹೋಗುವುದಕ್ಕೆ ವಾರ ಮುಂಚೆ. ಭುಜದ ನೋವಿಗೆ ಅದೇ ಮಾತ್ರೆ ನುಂಗುತ್ತಿದ್ದ ನೀನು ಏಣಿಯಿಳಿದು ನನ್ನತ್ತ ತಿರುಗಿದಾಗ, "ಏನಣ್ಣಾ, ಕಣ್ಣಿಗೂ ಬಣ್ಣ ಬಳ್ಕೊಂಡ್ಯಾ?" ಎಂದಿದ್ದೆ.

ನೀನೂ ನಕ್ಕಿದ್ದೆ.